ಹಿಕ್ಕೆಯಿಂದ ಹಾರುವ ಸಾರಜನಕ: ನೈಜರ್‌ನ ಆಡು, ನೆದರ್‌ಲ್ಯಾಂಡ್ಸ್‌ನ ಆಡು

ಒಂದೇ ಹೊತ್ತಿಗೆ ಎರಡು ಆಡುಗಳು ಉಚ್ಚೆ ಹೊಯ್ಯುತ್ತಿವೆ ಎಂದುಕೊಳ್ಳಿ. ಒಂದು ಪಶ್ಚಿಮ ಆಫ್ರಿಕಾದ ನೈಜರ್ ದೇಶದ ಮರಾಡಿ ಸೀಮೆಯ ಕೆಂಗಂದು ಆಡು. ಸಜ್ಜೆ ಕೊಯ್ದು ಮುಗಿದ ಮರಳು ಹೊಲದಲ್ಲಿ ನಿಂತಿದೆ. ಇನ್ನೊಂದು ನೆದರ್‌ಲ್ಯಾಂಡ್ಸ್‌ನ ಬ್ರಾಬಾಂಟ್ ಪ್ರಾಂತ್ಯದ ಹಾಲುಬಿಳುಪಿನ ಸಾನೆನ್ ಆಡು. ಸಾವಿರ ಜೊತೆಗಾರರ ನಡುವೆ, ಮಂದವಾಗಿ ಹಾಸಿದ ಗೋಧಿಹುಲ್ಲಿನ ಮೇಲೆ, ಸೂರಿನಡಿ ನಿಂತಿದೆ. ಎರಡರ ಕಾಲ ಬುಡದಲ್ಲೂ ಹಿಕ್ಕೆ ಉದುರಿದೆ, ನೆಲ ಒದ್ದೆಯಾಗಿದೆ. ನೋಡುವವರಿಗೆ ಇದರಲ್ಲಿ ಏನಿದೆ? ಆದರೆ ಆ ಗಳಿಗೆಯಿಂದಲೇ ಒಂದು ಓಟ ಶುರುವಾಗಿಬಿಟ್ಟಿರುತ್ತದೆ! ಆಡು ತಿಂದ ಸಾರಜನಕದಲ್ಲಿ ಹೊಲಕ್ಕೆಷ್ಟು, ಗಾಳಿಗೆಷ್ಟು, ಮಳೆನೀರಿನ ಜೊತೆ ಬೇರಿಗೂ ಸಿಗದ ಆಳಕ್ಕೆಷ್ಟು ಎಂಬುದು ತೀರ್ಮಾನವಾಗುವ ಓಟ. ಎರಡೂ ದೇಶಗಳ ಲೆಕ್ಕವನ್ನು ಅಕ್ಕಪಕ್ಕ ಇಟ್ಟು ಓದುತ್ತಾ ಹೋದವಳಿಗೆ ಆಡಿನ ಹಿಕ್ಕೆಯಿಂದ ಹೆದ್ದಾರಿಯ ವೇಗಮಿತಿಗೆ, ಅಲ್ಲಿಂದ ಕಾಡಿನ ಹಕ್ಕಿಯ ಮೊಟ್ಟೆಗೆ, ಅಲ್ಲಿಂದ ಮೂರು ಸಾವಿರ ವರ್ಷ ಹಿಂದಿನ ದೊಡ್ಡಿಗೆ ದಾರಿ ತೆರೆಯುತ್ತಲೇ ಹೋಯಿತು.

ಮೊದಲು ಆ ಓಟದ ಆರಂಭ ನೋಡೋಣ. ಮೂತ್ರದಲ್ಲಿರುವ ಸಾರಜನಕದ ಬಹುಪಾಲು ಯೂರಿಯಾ. ನಾವು ಅಂಗಡಿಯಿಂದ ಚೀಲದಲ್ಲಿ ತರುವ ಬಿಳಿ ಹರಳಿನ ಯೂರಿಯಾ ಮತ್ತು ಆಡಿನ ಮೂತ್ರದ ಯೂರಿಯಾ, ಎರಡೂ ಒಂದೇ ಅಣು. ಶುದ್ಧ ನೀರಿನಲ್ಲಿ ಕರಗಿಸಿಟ್ಟರೆ ಅದು ವರ್ಷಗಟ್ಟಲೆ ಹಾಗೇ ಇರಬಲ್ಲದು. ಆದರೆ ಹಿಕ್ಕೆಯಲ್ಲಿ, ಮಣ್ಣಿನಲ್ಲಿ, ಕೊಳೆತ ಹುಲ್ಲಿನಲ್ಲಿ ಯೂರಿಯೇಸ್ ಎಂಬ ಕಿಣ್ವ ಕಾದು ಕೂತಿರುತ್ತದೆ. ಮೂತ್ರ ಬಂದು ತಾಗಿತೋ, ಗಂಟೆಗಳಲ್ಲಿ ಯೂರಿಯಾ ಒಡೆದು ಅಮೋನಿಯಾ! ವರ್ಷಗಳ ಕೆಲಸವನ್ನು ಗಂಟೆಗಳಿಗೆ ಇಳಿಸುವ ಈ ಕಿಣ್ವವನ್ನು ಮೊದಲ ಬಾರಿಗೆ ಹರಳಾಗಿ ಕಂಡವನು ಅಮೆರಿಕದ ಜೇಮ್ಸ್ ಸಮ್ನರ್, 1926ರಲ್ಲಿ, ಜ್ಯಾಕ್ ಬೀನ್ ಎಂಬ ಅವರೆ ಜಾತಿಯ ಕಾಳಿನಿಂದ. ಹದಿಹರೆಯದಲ್ಲಿ ಬೇಟೆಯ ಅವಘಡದಲ್ಲಿ ಎಡಗೈ ಕಳೆದುಕೊಂಡಿದ್ದ ಮನುಷ್ಯ, ಒಂದೇ ಕೈಯಲ್ಲಿ ವರ್ಷಗಟ್ಟಲೆ ಕಾಳು ಅರೆದು ಸೋಸಿ ಅದನ್ನು ಹಿಡಿದ. ಕಿಣ್ವವೆಂದರೆ ಪ್ರೋಟೀನು ಎಂದು ಅವನು ಹೇಳಿದಾಗ ದೊಡ್ಡ ದೊಡ್ಡ ರಸಾಯನಶಾಸ್ತ್ರಜ್ಞರೇ ನಂಬಲಿಲ್ಲ. ಇಪ್ಪತ್ತು ವರ್ಷದ ಮೇಲೆ, 1946ರಲ್ಲಿ, ನೊಬೆಲ್ ಬಂತು. ಜಗತ್ತಿನಲ್ಲಿ ಹರಳುಗಟ್ಟಿದ ಮೊಟ್ಟಮೊದಲ ಕಿಣ್ವ, ನಮ್ಮ ಆಡಿನ ರೊಪ್ಪದಲ್ಲಿ ದಿನವೂ ಮೂಗಿಗೆ ಬಡಿಯುವ ಘಾಟಿನ ಒಡೆಯ!

ಇಲ್ಲೊಂದು ಬೆರಗಿದೆ. ಯೂರಿಯಾ ಒಡೆಯುವಾಗ ಆ ಜಾಗ ಕ್ಷಾರವಾಗುತ್ತದೆ. ಮಣ್ಣಿನ ಪಿಎಚ್ 7 ಇದ್ದಾಗ ಅಮೋನಿಯಾದಲ್ಲಿ ಅನಿಲವಾಗಿ ಹಾರಬಲ್ಲ ಪಾಲು ನೂರಕ್ಕೆ ಒಂದು ಕೂಡ ಇರುವುದಿಲ್ಲ. ಉಳಿದದ್ದು ಅಮೋನಿಯಂ ಆಗಿ ಮಣ್ಣಿಗೆ ಅಂಟಿಕೊಂಡಿರುತ್ತದೆ. ಪಿಎಚ್ 9 ಮುಟ್ಟಿದರೆ ಹಾರಬಲ್ಲ ಪಾಲು ಮೂರನೇ ಒಂದನ್ನೂ ದಾಟುತ್ತದೆ. ಅಂದರೆ ಯೂರಿಯಾ ಒಡೆಯುತ್ತಲೇ ತಾನು ಪಾರಾಗಲು ಬೇಕಾದ ಬಾಗಿಲನ್ನೂ ತೆರೆದುಕೊಳ್ಳುತ್ತದೆ. ನೈಜರ್‌ನ ಮರಳಿನಲ್ಲಿ ಈ ಬಾಗಿಲು ಪೂರ್ತಿ ತೆರೆಯುತ್ತದೆ. ಜೇಡಿ ಇಲ್ಲ, ಸಾವಯವ ಅಂಶ ಇಲ್ಲ, ಹಿಡಿದಿಟ್ಟುಕೊಳ್ಳುವ ಶಕ್ತಿಯೇ ಇಲ್ಲದ ಮಣ್ಣು. ಅಲ್ಲಿ ಕುರಿಗಳ ಮೂತ್ರ ಬಿದ್ದ ಜಾಗವನ್ನು ಅಳೆದಾಗ ಮೊದಲ ವಾರದಲ್ಲೇ ಪಿಎಚ್ 9 ದಾಟಿತ್ತು. ಮೂತ್ರದ ಸಾರಜನಕದಲ್ಲಿ ನೂರಕ್ಕೆ 30ರಿಂದ 50ರಷ್ಟು ಗಾಳಿಪಾಲಾಗಿತ್ತು.

ಹಾಗಾದರೆ ನೈಜರ್‌ನ ಆಡು ಹೆಚ್ಚು ಕಳೆಯುತ್ತದೆ, ನೆದರ್‌ಲ್ಯಾಂಡ್ಸ್‌ನ ತಂಪಿನ ಆಡು ಕಡಿಮೆ ಕಳೆಯುತ್ತದೆ ಅನ್ನೋಣವೇ? ಇಲ್ಲ! ಇಲ್ಲಿಯೇ ಕಥೆ ತಲೆಕೆಳಗಾಗುತ್ತದೆ. ಸೋರಿಕೆ ಶುರುವಾಗುವುದು ನೆಲದಲ್ಲಿ ಅಲ್ಲವೇ ಅಲ್ಲ, ಆಡಿನ ಬಾಯಲ್ಲಿ.

ಆಡಿಗೆ ಬೇಕಾದಷ್ಟಕ್ಕಿಂತ ಹೆಚ್ಚು ಪ್ರೋಟೀನು ತಿನ್ನಿಸಿದರೆ ಮಿಕ್ಕ ಸಾರಜನಕವೆಲ್ಲ ಯೂರಿಯಾ ಆಗಿ ಮೂತ್ರಕ್ಕೆ ಹೋಗುತ್ತದೆ. ಮೂತ್ರದ ಸಾರಜನಕವೇ ಬೇಗ ಹಾರುವಂಥದ್ದು. ಪ್ರೋಟೀನು ಕಡಿಮೆ ಸಿಕ್ಕಿದಾಗ ಆಡಿನ ದೇಹ ಮಾಡುವ ಕೆಲಸವನ್ನು ಓದಿ ನಾನು ಪುಸ್ತಕ ಕೆಳಗಿಟ್ಟು ಸುಮ್ಮನೆ ಕೂತೆ. ಅದರ ಮೂತ್ರಪಿಂಡ ಯೂರಿಯಾವನ್ನು ಹೊರಬಿಡದೆ ರಕ್ತಕ್ಕೇ ಮರಳಿಸುತ್ತದೆ. ರಕ್ತದಿಂದ ಅದು ಜೊಲ್ಲಿನ ಮೂಲಕವೂ ಜಠರದ ಗೋಡೆಯ ಮೂಲಕವೂ ರೂಮೆನ್ ಎಂಬ ಮೊದಲ ಹೊಟ್ಟೆಗೆ ವಾಪಸು ಹೋಗುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ಆ ತ್ಯಾಜ್ಯದಿಂದಲೇ ತಮ್ಮ ಮೈ ಕಟ್ಟಿಕೊಳ್ಳುತ್ತವೆ. ಆಮೇಲೆ ಆಡು ಆ ಸೂಕ್ಷ್ಮಜೀವಿಗಳನ್ನೇ ಜೀರ್ಣಿಸಿಕೊಂಡು ಪ್ರೋಟೀನು ಪಡೆಯುತ್ತದೆ. ಮೂತ್ರವಾಗಬೇಕಿದ್ದದ್ದು ಮಾಂಸವಾಗುತ್ತದೆ! ಸಿನಾಯ್, ನೆಗೆವ್ ಮರುಭೂಮಿಯ ಕಪ್ಪು ಬೆಡುವಿನ್ ಆಡುಗಳಲ್ಲಿ ಈ ಮರುಬಳಕೆಯನ್ನು ವಿಜ್ಞಾನಿಗಳು ಬಹಳ ಸೂಕ್ಷ್ಮವಾಗಿ ಅಳೆದಿದ್ದಾರೆ.

ಇನ್ನೊಂದು ಬೀಗವೂ ಇದೆ. ಆಡು ಮುಟ್ಟದ ಸೊಪ್ಪಿಲ್ಲ ಎಂದು ನಮ್ಮಲ್ಲಿ ಹೇಳುವುದು ಸುಮ್ಮನೆ ಅಲ್ಲ. ಕುರಿ, ಹಸುಗಳು ನೆಲದ ಹುಲ್ಲಿಗೆ ಬಗ್ಗಿದರೆ ಆಡು ಹಿಂಗಾಲ ಮೇಲೆ ನಿಂತು ಜಾಲಿಯ ಚಿಗುರಿಗೆ ಬಾಯಿಡುತ್ತದೆ. ಜಾಲಿ ಜಾತಿಯ ಎಲೆ ಕಾಯಿಗಳಲ್ಲಿ ಒಗರಿನ ಟ್ಯಾನಿನ್ ಇರುತ್ತದೆ, ತೊಗಲು ಹದ ಮಾಡಲು ಬಳಸುವ ಅದೇ ವಸ್ತು. ಅದು ಹೊಟ್ಟೆಯೊಳಗೆ ಪ್ರೋಟೀನನ್ನು ಅಪ್ಪಿ ಹಿಡಿಯುತ್ತದೆ. ಹಿಡಿದದ್ದರಲ್ಲಿ ಒಂದಿಷ್ಟು ಹಾಗೇ ಹಿಕ್ಕೆಯಲ್ಲಿ ಹೊರಬರುತ್ತದೆ. ಅಂದರೆ ಸಾರಜನಕ ಮೂತ್ರದ ದಾರಿ ಬಿಟ್ಟು ಹಿಕ್ಕೆಯ ದಾರಿ ಹಿಡಿಯುತ್ತದೆ. ಹಿಕ್ಕೆಯಲ್ಲಿರುವ ಸಾರಜನಕ ಥಟ್ಟನೆ ಹಾರುವುದಿಲ್ಲ. ಮಣ್ಣಿನ ಜೀವಿಗಳು ತಿಂಗಳುಗಟ್ಟಲೆ, ವರ್ಷಗಟ್ಟಲೆ ಅದನ್ನು ಬಿಡಿಸಬೇಕು. ನೈಜರ್‌ನ ಹೊಲಗಳ ನಡುವೆ ನಿಲ್ಲುವ ಗಾವೊ ಮರವಂತೂ ವಿಚಿತ್ರಗಳ ವಿಚಿತ್ರ. ಮಳೆಗಾಲದಲ್ಲಿ ಎಲೆ ಉದುರಿಸಿ, ಸುಡುವ ಒಣಗಾಲದಲ್ಲಿ ಹಸಿರಾಗಿ, ಮೇವು ಏನೂ ಇಲ್ಲದ ತಿಂಗಳುಗಳಲ್ಲಿ ಸುರುಳಿ ಸುರುಳಿ ಕಾಯಿಗಳನ್ನು ಆಡುಗಳ ಬಾಯಿಗೆ ಕೊಡುತ್ತದೆ. ಜೊತೆಗೆ ಬೇರಿನಲ್ಲಿ ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೂ ಸೇರಿಸುತ್ತದೆ.

ಈಗ ಬ್ರಾಬಾಂಟ್‌ನ ಕೊಟ್ಟಿಗೆಗೆ ಬನ್ನಿ. 1984ರಲ್ಲಿ ಯುರೋಪು ಹಸುವಿನ ಹಾಲಿಗೆ ಮಿತಿ ಹೇರಿದಾಗ ಹಲವು ಡಚ್ ರೈತರು ಆಡಿನ ಹಾಲಿನತ್ತ ತಿರುಗಿದರು. ಇಂದು ಆ ಪುಟ್ಟ ದೇಶದಲ್ಲಿ ಆರು ಲಕ್ಷದ ಆಸುಪಾಸು ಆಡುಗಳಿವೆ. ಹೆಚ್ಚಿನವು ದೊಡ್ಡ ದೊಡ್ಡ ಕೊಟ್ಟಿಗೆಗಳಲ್ಲಿವೆ, ಹೊರಗೆ ಮೇಯುವುದು ಕಡಿಮೆ. ಹಾಲು ಹೆಚ್ಚಲು ಪ್ರೋಟೀನು ತುಂಬಿದ ಹಿಂಡಿ, ಸೋಯಾ. ಕಾಲ ಕೆಳಗೆ ಹುಲ್ಲು. ಒದ್ದೆಯಾದಂತೆ ಮೇಲೆ ಮತ್ತೆ ಹುಲ್ಲು, ಅದರ ಮೇಲೆ ಮತ್ತೆ ಹುಲ್ಲು. ತಿಂಗಳುಗಟ್ಟಲೆ ಹೀಗೆ ಏರಿದ ಹಾಸು ಒಳಗೊಳಗೇ ಕೊಳೆತು ಬಿಸಿಯಾಗುತ್ತದೆ. ಹೊರಗೆ ಚಳಿ ಇರಲಿ, ಮಂಜು ಇರಲಿ, ಆಡಿನ ಕಾಲಡಿಯಲ್ಲಿ ಮಾತ್ರ ಬೇಸಿಗೆ! ಪ್ರೋಟೀನು ಹೆಚ್ಚು, ಮೂತ್ರ ಹೆಚ್ಚು, ತೇವ ಹೆಚ್ಚು, ಶಾಖವೂ ಇದೆ. ಅಮೋನಿಯಾಕ್ಕೆ ಬೇಕಾದದ್ದೆಲ್ಲ ಒಂದೇ ಸೂರಿನಡಿ.

ಡಚ್ ಸರ್ಕಾರ ಪರವಾನಗಿಯ ಲೆಕ್ಕಕ್ಕಾಗಿ ಒಂದು ವರ್ಷ ದಾಟಿದ ಪ್ರತಿ ಆಡಿಗೆ ವರ್ಷಕ್ಕೆ 1.9 ಕಿಲೋ ಅಮೋನಿಯಾ ಎಂದು ನಿಗದಿ ಮಾಡಿತ್ತು. ಸಣ್ಣ ಅಂಕಿ ಅನ್ನಿಸುತ್ತದೆ. ನಾನು ಕಾಗದ ತೆಗೆದು ನಮ್ಮ ಊರಿನ ಅಳತೆಗೆ ಇಳಿಸಿದೆ. ಸಾವಿರ ಆಡಿನ ಕೊಟ್ಟಿಗೆ ಎಂದರೆ 1,900 ಕಿಲೋ ಅಮೋನಿಯಾ. ಅದರಲ್ಲಿ ಬರಿಯ ಸಾರಜನಕ ಸುಮಾರು 1,560 ಕಿಲೋ. ನಮ್ಮ ರೈತರು ಕೊಳ್ಳುವ 45 ಕಿಲೋ ಯೂರಿಯಾ ಚೀಲದಲ್ಲಿ ಸಾರಜನಕ 20 ಕಿಲೋ ಚಿಲ್ಲರೆ. ಭಾಗಿಸಿ ನೋಡಿ: 75 ಚೀಲ! ಒಂದೇ ಕೊಟ್ಟಿಗೆಯ ಛಾವಣಿಯಿಂದ ಪ್ರತಿ ವರ್ಷ 75 ಚೀಲ ಯೂರಿಯಾದಷ್ಟು ಸಾರಜನಕ ಕಣ್ಣಿಗೆ ಕಾಣದೆ ಎದ್ದು ಹೋಗುತ್ತದೆ. ಮಳೆಗಾಲದ ಶುರುವಿನಲ್ಲಿ ಒಂದೆರಡು ಚೀಲಕ್ಕಾಗಿ ನಮ್ಮ ರೈತರು ಸೊಸೈಟಿಯ ಮುಂದೆ ಸರದಿ ನಿಲ್ಲುವುದನ್ನು ಬಲ್ಲವರಿಗೆ ಈ ಅಂಕಿ ಎದೆಗೆ ತಾಗದೆ ಇರುವುದು ಹೇಗೆ? ನೈಜರ್‌ನ ರೈತನಿಗಂತೂ ಕೇಳುವುದೇ ಬೇಡ. ಅಲ್ಲಿ ಒಂದು ಹೆಕ್ಟೇರಿಗೆ ಬೀಳುವ ರಸಗೊಬ್ಬರ ಸರಾಸರಿಯಲ್ಲಿ ಕೆಲವೇ ಕಿಲೋ.

ಎದ್ದು ಹೋದದ್ದು ಎಲ್ಲಿಗೆ ಹೋಗುತ್ತದೆ? ಅಮೋನಿಯಾ ಗಾಳಿಯಲ್ಲಿ ಬಹಳ ಕಾಲ ನಿಲ್ಲುವುದಿಲ್ಲ. ಕೆಲವು ಗಂಟೆ, ಕೆಲವು ದಿನ, ಅಷ್ಟೆ. ಒಂದು ಪಾಲು ಹತ್ತಿರದ ಕಾಡು, ಬಯಲುಗಳ ಮೇಲೇ ಇಳಿಯುತ್ತದೆ. ಬಡ ಮಣ್ಣಿಗೆ ಒಗ್ಗಿಕೊಂಡಿದ್ದ ನೇರಳೆ ಹೂವಿನ ಹೀದರ್ ಬಯಲುಗಳಲ್ಲಿ ಹುಲ್ಲು ಹಬ್ಬಿ ಹೀದರನ್ನು ನುಂಗುತ್ತದೆ. ಹುಲ್ಲಿನ ಕಥೆಗಿಂತ ದೊಡ್ಡದು ಹಕ್ಕಿಯ ಕಥೆ. ನಮ್ಮ ಚೇಕಡಿ ಹಕ್ಕಿಯ ದಾಯಾದಿಯಾದ ಗ್ರೇಟ್ ಟಿಟ್ ಎಂಬ ಪುಟ್ಟ ಹಕ್ಕಿ 1980ರ ದಶಕದಲ್ಲಿ ಡಚ್ ಕಾಡುಗಳಲ್ಲಿ ತೆಳು ಸಿಪ್ಪೆಯ, ಒಡೆದು ಒಣಗುವ ಮೊಟ್ಟೆಗಳನ್ನು ಇಡತೊಡಗಿತು. ಕೆಲವು ಹಕ್ಕಿಗಳು ಸಿಪ್ಪೆಯೇ ಇಲ್ಲದ ಮೊಟ್ಟೆ ಇಟ್ಟವು. ಯಾಕೆ? ಸಂಶೋಧಕರು ಬೂಂಡರ್‌ಕಾಂಪ್ ಎಂಬ ಕಾಡಿನಲ್ಲಿ ಜಾಡು ಹಿಡಿದು ಹೋದರು. ಕಾರ್ಖಾನೆಗಳ ಗಂಧಕವೂ ಕೊಟ್ಟಿಗೆಗಳ ಅಮೋನಿಯಾವೂ ಸೇರಿ ಸುರಿದು ಕಾಡಿನ ಮಣ್ಣು ಆಮ್ಲವಾಗಿತ್ತು. ಮಣ್ಣಿನ ಕ್ಯಾಲ್ಸಿಯಂ ಕರಗಿ ಬಸಿದು ಹೋಗಿತ್ತು. ಕ್ಯಾಲ್ಸಿಯಂ ಇಲ್ಲದೆ ಬಸವನಹುಳುಗಳು ಚಿಪ್ಪು ಕಟ್ಟಲಾರದೆ ಕಾಣೆಯಾಗಿದ್ದವು. ಮೊಟ್ಟೆಯಿಡುವ ಕಾಲದಲ್ಲಿ ಹಕ್ಕಿ ಹುಡುಕಿ ತಿನ್ನುತ್ತಿದ್ದದ್ದು ಆ ಚಿಪ್ಪುಗಳನ್ನೇ! ಅವರು ಕಾಡಿನಲ್ಲಿ ಬಸವನಹುಳುವಿನ ಚಿಪ್ಪು, ಕೋಳಿಮೊಟ್ಟೆಯ ಸಿಪ್ಪೆ ಇಟ್ಟು ನೋಡಿದರು. ಹಕ್ಕಿಗಳ ಮೊಟ್ಟೆ ಮತ್ತೆ ಗಟ್ಟಿಯಾಯಿತು. 1994ರಲ್ಲಿ ಇದು ನೇಚರ್ ಪತ್ರಿಕೆಯಲ್ಲಿ ಬಂತು. ಕೊಟ್ಟಿಗೆಯ ಒದ್ದೆ ಹುಲ್ಲಿನಿಂದ ಹಕ್ಕಿಗೂಡಿನವರೆಗೆ ಎಳೆ ಹೀಗೆ ಕಡಿಯದೆ ಸಾಗುತ್ತದೆ ಎಂದು ಯಾರು ಊಹಿಸಿದ್ದರು?

ಹೀಗೆ ಕಾಡು, ಬಯಲುಗಳ ಮೇಲೆ ಇಳಿಯುವ ಸಾರಜನಕ ಕೊನೆಗೆ ನ್ಯಾಯಾಲಯದ ಮೆಟ್ಟಿಲೇರಿತು. 2019ರ ಮೇ 29ರಂದು ಡಚ್ ದೇಶದ ಉನ್ನತ ಆಡಳಿತ ನ್ಯಾಯಾಲಯ ಸಾರಜನಕದ ಪರವಾನಗಿ ಪದ್ಧತಿಯನ್ನೇ ತಳ್ಳಿಹಾಕಿತು. ಅದೇ ವರ್ಷ ಪ್ರತಿಭಟಿಸುವ ರೈತರ ಟ್ರ್ಯಾಕ್ಟರುಗಳು ಹೇಗ್ ನಗರಕ್ಕೆ ನುಗ್ಗಿದವು. 2020ರ ಮಾರ್ಚಿನಿಂದ ಹೆದ್ದಾರಿಗಳಲ್ಲಿ ಹಗಲು ಹೊತ್ತಿನ ವೇಗ 100 ಕಿಲೋಮೀಟರಿಗೆ ಇಳಿಯಿತು. ದನ, ಹಂದಿ, ಕೋಳಿ, ಆಡುಗಳು ಬಿಡುವ ಸಾರಜನಕಕ್ಕೂ ಕಾರಿನ ಹೊಗೆಯ ಸಾರಜನಕಕ್ಕೂ ಒಂದೇ ಖಾತೆ. ಆ ಖಾತೆಯಲ್ಲಿ ಸ್ವಲ್ಪ ಉಳಿಸಲು ಇಡೀ ದೇಶ ನಿಧಾನವಾಗಿ ಗಾಡಿ ಓಡಿಸಿತು.

ಅತ್ತ ನೈಜರ್‌ನಲ್ಲಿ ಸಮಸ್ಯೆ ಪೂರ್ತಿ ಬೇರೆ. ಒಂದೂವರೆ ಕೋಟಿಗೂ ಹೆಚ್ಚು ಆಡುಗಳಿರುವ ದೇಶ ಅದು. ಪ್ರತಿ ಹಿಕ್ಕೆಯೂ ಬೇಕು. ರಾಜಧಾನಿ ನಿಯಾಮೆಯಲ್ಲಿ ನದಿ ದಂಡೆಯ ತರಕಾರಿ ತೋಟಗಳಲ್ಲಿ ಗೊಬ್ಬರದ ತಿಪ್ಪೆಗಳಿವೆ. ಜರ್ಮನಿಯ ಕಾಸೆಲ್ ವಿಶ್ವವಿದ್ಯಾಲಯದ ತಂಡವೊಂದು ಅಲ್ಲಿ ಮೆಲುಕು ಹಾಕುವ ಪ್ರಾಣಿಗಳ ಗೊಬ್ಬರದಿಂದ ಏನೇನು ಹಾರುತ್ತದೆ ಎಂದು ಅಳೆಯಿತು. ಹೇಗೆ ಅಳೆಯುತ್ತಾರೆ ಗೊತ್ತೇ? ಅನಿಲದ ಸದ್ದು ಕೇಳಿಸಿಕೊಂಡು! ಡಬ್ಬಿಯೊಳಗಿನ ಗಾಳಿಗೆ ಅವಕೆಂಪು ಬೆಳಕನ್ನು ತಡೆದು ಬಿಟ್ಟು, ತಡೆದು ಬಿಟ್ಟು ಹಾಯಿಸಿದರೆ, ಆ ಬೆಳಕನ್ನು ಹೀರುವ ಅನಿಲ ಬಿಸಿಯಾಗಿ ಹಿಗ್ಗುತ್ತದೆ, ತಣಿದು ಕುಗ್ಗುತ್ತದೆ. ಹಿಗ್ಗುವ ಕುಗ್ಗುವ ಅನಿಲ ಸದ್ದು ಮಾಡುತ್ತದೆ. ಸೂಕ್ಷ್ಮ ಮೈಕ್ರೊಫೋನು ಆ ಸದ್ದನ್ನು ಹಿಡಿಯುತ್ತದೆ. ಅಮೋನಿಯಾಕ್ಕೆ ಒಂದು ಬಣ್ಣದ ಬೆಳಕು, ನೈಟ್ರಸ್ ಆಕ್ಸೈಡಿಗೆ ಇನ್ನೊಂದು. ಬೆಳಕಿನಿಂದ ವಸ್ತು ಸದ್ದು ಮಾಡುತ್ತದೆ ಎಂದು 1880ರಲ್ಲೇ ಕಂಡವನು ಟೆಲಿಫೋನಿನ ಗ್ರಹಾಂ ಬೆಲ್. ಅವನ ಆ ಕಂಡುಕೊಳ್ಳುವಿಕೆ ಸಹಾರಾದ ಅಂಚಿನಲ್ಲಿ ತಿಪ್ಪೆಯ ಮಾತು ಕೇಳುವ ಕಿವಿಯಾಗಿದೆ!

ಆ ಕಿವಿ ಕೇಳಿದ ಸುದ್ದಿ ಸರಳ, ಆದರೆ ನನಗೆ ಇಡೀ ವಿಷಯದ ಅತಿ ದೊಡ್ಡ ಬೆರಗು ಇದೇ. ತಿಪ್ಪೆಯ ಮೇಲೆ ಒಂದು ಪ್ಲಾಸ್ಟಿಕ್ ಹಾಳೆಯ ಮಾಡು ಹಾಕಿ, ಗೊಬ್ಬರಕ್ಕೆ ನುಣ್ಣಗೆ ಅರೆದ ರಾಕ್ ಫಾಸ್ಫೇಟ್ ಬೆರೆಸಿದಾಗ, ಬಿಸಿಲಿಗೆ ಬಿಟ್ಟ ಗೊಬ್ಬರಕ್ಕೆ ಹೋಲಿಸಿದರೆ ಅನಿಲವಾಗಿ ಹೋಗುವ ಸಾರಜನಕ ಸುಮಾರು ಅರ್ಧಕ್ಕೆ ಇಳಿಯಿತು. ಅರ್ಧ! ನೆದರ್‌ಲ್ಯಾಂಡ್ಸ್‌ನಲ್ಲಿ ನ್ಯಾಯಾಲಯ, ಟ್ರ್ಯಾಕ್ಟರು, ಹೆದ್ದಾರಿಗಳೆಲ್ಲ ಕೂಡಿ ಹೆಣಗುವ ಲೆಕ್ಕ ಇಲ್ಲಿ ಒಂದು ಹಾಳೆ, ಒಂದಿಷ್ಟು ಕಲ್ಲುಪುಡಿಯಲ್ಲಿ ಕದಲುತ್ತದೆ.

ತಿಪ್ಪೆಯನ್ನೇ ಕಟ್ಟದಿದ್ದರೆ ಇನ್ನೂ ಒಳ್ಳೆಯದೇ? ಅಲ್ಲಿನ ಫುಲಾನಿ ಪಶುಪಾಲಕರು ಕಟಾವಾದ ಹೊಲಗಳಲ್ಲಿ ರಾತ್ರಿ ಮಂದೆ ನಿಲ್ಲಿಸುತ್ತಾರೆ. ಹೊಲದವನು ಧಾನ್ಯವನ್ನೋ ಹಣವನ್ನೋ ಕೊಡುತ್ತಾನೆ. ಓದುತ್ತಿದ್ದಂತೆ ನಮ್ಮ ಕೊಪ್ಪಳ, ರಾಯಚೂರು ಕಡೆ ಕುರುಬರು ಹೊಲದಲ್ಲಿ ಕುರಿ ತರುಬುವುದು ಕಣ್ಣಮುಂದೆ ಬಂತು. ಅದೇ ಒಪ್ಪಂದ, ಅದೇ ರಾತ್ರಿ, ಅದೇ ಹಿಕ್ಕೆ! ಹೊತ್ತು ತಂದು ಹಾಕಿದ ಗೊಬ್ಬರದಲ್ಲಿ ಇಲ್ಲದ ಮೂತ್ರ ತರುಬಿದ ಹೊಲದಲ್ಲಿ ಇರುತ್ತದೆ. ನೈಜರ್‌ನಲ್ಲಿ ನಡೆದ ಪ್ರಯೋಗಗಳಲ್ಲಿ ಹಿಕ್ಕೆಯ ಜೊತೆ ಮೂತ್ರವೂ ಬಿದ್ದ ನೆಲದಲ್ಲಿ ಸಜ್ಜೆ ಬರಿ ಹಿಕ್ಕೆಯ ನೆಲಕ್ಕಿಂತ ಹೆಚ್ಚು ಬೆಳೆಯಿತು. ಮೂತ್ರದ ಅರ್ಧದಷ್ಟು ಸಾರಜನಕ ಹಾರಿಹೋದ ಮೇಲೂ! ಕಾರಣ, ಉಳಿದರ್ಧ ಸಾರಜನಕ; ಜೊತೆಗೆ ಆಮ್ಲವಾಗಿದ್ದ ಮರಳಿನಲ್ಲಿ ಕಟ್ಟಿಬಿದ್ದಿದ್ದ ರಂಜಕವನ್ನು ಆ ಕ್ಷಾರ ಬಿಡಿಸಿದ್ದು. ಗಾಳಿಗೆ ಬಾಗಿಲು ತೆರೆದ ಅದೇ ಕ್ಷಾರ ಇಲ್ಲಿ ಬೆಳೆಗೆ ಬಾಗಿಲು ತೆರೆಯಿತು.

ಹಾಗೆಂದು ಅತಿಯಾಗಿ ತರುಬಿದರೆ ಮಳೆ ಕದಿಯುತ್ತದೆ. ನೈಜರ್‌ನ ಹೊಲ ಕಣ್ಣಿಗೆ ಮಟ್ಟಸ. ಆದರೆ ಕೆಲವು ಗೇಣಿನ ಏರಿಳಿತವೇ ಎಲ್ಲವನ್ನೂ ನಿರ್ಧರಿಸುತ್ತದೆ. ಗಡಸು ಪೊರೆ ಕಟ್ಟಿದ ಏರಿನಿಂದ ನೀರು ಜಾರಿ ತಗ್ಗಿಗೆ ಇಳಿಯುತ್ತದೆ, ತಗ್ಗಿನ ಗೊಬ್ಬರದ ಸಾರವನ್ನು ಬೇರಿಗೆ ಎಟುಕದ ಆಳಕ್ಕೆ ಒಯ್ಯುತ್ತದೆ. ವರ್ಷಕ್ಕೆ ಅಲ್ಪ ಮಳೆ ಬೀಳುವ ಬರದ ಸೀಮೆಯಲ್ಲಿ ಸಾರಜನಕ ನೀರಿನಲ್ಲಿ ಕೊಚ್ಚಿಹೋಗುತ್ತದೆ ಎಂದರೆ ನಂಬುವುದು ಕಷ್ಟ. ನೈಜರ್‌ನ ಇಲ್ಲೇಳ ಪ್ರದೇಶದ ರೈತರು ಹೀಗೆ ಜಾರಿಹೋಗುವ ನೀರಿಗೇ ತಡೆ ಹಾಕಿದರು. 1989ರಲ್ಲಿ ಹದಿಮೂರು ಮಂದಿ ರೈತರು ನೆರೆಯ ಬುರ್ಕಿನಾ ಫಾಸೊದ ಯಾಟೆಂಗಾಕ್ಕೆ ಹೋಗಿ ನೋಡಿ ಬಂದು, ತಮ್ಮ ಗಟ್ಟಿ ನೆಲದಲ್ಲಿ ಸಣ್ಣ ಗುಂಡಿ ತೋಡಿ ಹಿಡಿ ಗೊಬ್ಬರ ಹಾಕುವ ತಸ್ಸಾ ಪದ್ಧತಿ ಹಿಡಿದರು. ಗೊಬ್ಬರಕ್ಕೆ ಗೆದ್ದಲು ಬರುತ್ತದೆ, ಗೆದ್ದಲು ನೆಲವನ್ನು ಕೊರೆಯುತ್ತದೆ, ಕೊರೆದ ದಾರಿಯಲ್ಲಿ ಮಳೆ ಇಂಗುತ್ತದೆ, ಸಜ್ಜೆ ಏಳುತ್ತದೆ.

ಮಳೆ ಗಾಳಿಗೂ ಒಂದು ಪಾಲು ಕೊಡಿಸುತ್ತದೆ. ಒಣಗಿದ ಹಿಕ್ಕೆಯಲ್ಲಿ ಸೂಕ್ಷ್ಮಜೀವಿಗಳು ಸುಮ್ಮನಾಗಿರುತ್ತವೆ. ಮೊದಲ ಮಳೆ ಬಿದ್ದೊಡನೆ ಒಮ್ಮೆಲೇ ಎಚ್ಚೆತ್ತು ಅನಿಲ ಚಿಮ್ಮಿಸುತ್ತವೆ. ಕೀನ್ಯಾದಲ್ಲಿ ಕೆಲಸ ಮಾಡುತ್ತಿದ್ದ ಬರ್ಚ್ ಎಂಬ ವಿಜ್ಞಾನಿ 1958ರಲ್ಲಿ ಒಣ ಮಣ್ಣು ನೆನೆದಾಗಿನ ಈ ಉಕ್ಕನ್ನು ವಿವರಿಸಿದ. ಆ ಉಕ್ಕಿನಲ್ಲಿ ನೈಟ್ರಸ್ ಆಕ್ಸೈಡ್, ಅಂದರೆ ನಗೆ ಅನಿಲವೂ ಇದೆ. ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ 273 ಪಟ್ಟು ಬಿಸಿ ಹಿಡಿಯುವ ಅನಿಲ. ಕೀನ್ಯಾದ ಹಳೆಯ ದೊಡ್ಡಿಗಳನ್ನು ಅಳೆದವರಿಗೆ, ಜನ ಬಿಟ್ಟುಹೋಗಿ 40 ವರ್ಷ ಕಳೆದ ದೊಡ್ಡಿಯ ನೆಲವೂ ಇನ್ನೂ ಆ ಅನಿಲ ಬಿಡುತ್ತಿರುವುದು ಕಂಡಿತು. ನೈಋತ್ಯ ಕೀನ್ಯಾದಲ್ಲಿ 1,550ರಿಂದ 3,700 ವರ್ಷ ಹಿಂದಿನ ಪಶುಪಾಲಕರ ನೆಲೆಗಳು ಇವತ್ತಿಗೂ ಸುತ್ತಲಿನ ಹುಲ್ಲುಗಾವಲಿಗಿಂತ ಫಲವತ್ತಾಗಿ ಹಸಿರು ವೃತ್ತಗಳಾಗಿ ನಿಂತಿವೆ. ಅಮೋನಿಯಾ ಹಾರುವಾಗ ಹಗುರ ಸಾರಜನಕ ಮೊದಲು ಹೋಗಿ ಭಾರದ ಸಾರಜನಕ ಹಿಂದುಳಿಯುತ್ತದೆ. ಆ ಭಾರದ ಪಾಲನ್ನು ತೂಗಿಯೇ ಪುರಾತತ್ವಜ್ಞರು ಇಲ್ಲಿ ಮಂದೆ ಮಲಗಿತ್ತು ಎಂದು ಓದುತ್ತಾರೆ. ಮೂರು ಸಾವಿರ ವರ್ಷ ಹಿಂದೆ ಆವಿಯಾದದ್ದರ ಗುರುತು ಮಣ್ಣಿನಲ್ಲಿ! ನಮ್ಮ ಬಳ್ಳಾರಿಯ ಕುಡತಿನಿ, ಯಾದಗಿರಿಯ ಬೂದಿಹಾಳದ ನವಶಿಲಾಯುಗದ ಬೂದಿದಿಬ್ಬಗಳೂ ದೊಡ್ಡಿಯ ಸಗಣಿಯವೇ. ಆದರೆ ಅಲ್ಲಿ ಬೆಂಕಿ ಹಾಕಿದ್ದರು. ಬೆಂಕಿ ಸಾರಜನಕವನ್ನು ಹೊಗೆಯ ಜೊತೆ ಕಳಿಸಿ, ಸುಣ್ಣ ರಂಜಕಗಳ ಬೂದಿ ಮಾತ್ರ ಉಳಿಸಿತು.

ಇಷ್ಟೆಲ್ಲ ನೋಡಿದ ಮೇಲೆ, ದೇಶಕ್ಕೊಂದು ಅಂಕಿ ಹಾಕಿ ಹೋಲಿಸುವ ಪಟ್ಟಿಗಳು ನನಗೆ ಸಾಲುವುದಿಲ್ಲ. ಹವಾಮಾನದ ಅಂತರಸರ್ಕಾರಿ ಸಮಿತಿ 2006ರಲ್ಲಿ ಕೊಟ್ಟ ಪಟ್ಟಿಯಲ್ಲಿ ಕುರಿಯಂಥ ಪ್ರಾಣಿಗಳ ಗೊಬ್ಬರಕ್ಕೆ ಆಳದ ಹಾಸಿನ ಕೊಟ್ಟಿಗೆಯಾದರೆ ನೂರಕ್ಕೆ 25, ಒಣ ರಾಶಿಯಾದರೆ 12 ಸಾರಜನಕ ಅನಿಲವಾಗುತ್ತದೆ ಎಂದಿದೆ. ದಿಕ್ಕು ಸರಿ. ಆದರೆ ಪಟ್ಟಿ ಆಡನ್ನು ಏನು ತಿಂದೆ ಎಂದು ಕೇಳುವುದಿಲ್ಲ, ತಿಪ್ಪೆಯ ಮೇಲೆ ಹಾಳೆ ಇತ್ತೇ ಎಂದೂ ಕೇಳುವುದಿಲ್ಲ. ಬ್ರಾಬಾಂಟ್ ಮತ್ತು ಮರಾಡಿಯ ನಡುವಿನ ನಿಜವಾದ ಅಂತರ ಹುಲ್ಲಿನ ಹಾಸಿಗಿಂತ ಮೊದಲೇ, ಮೇವಿನ ಬಾನಿಯಲ್ಲಿಯೇ ಹುಟ್ಟಿರುತ್ತದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಮೇವು ಬದಲಿಸಿದರೆ ಏನಾಗುತ್ತದೆ ಎಂದು ಪರೀಕ್ಷಿಸಿದವರು ಇದ್ದಾರೆ. ಒಮಾನಿನಲ್ಲಿ ಕಾಸೆಲ್‌ನ ಸಂಶೋಧಕರೇ ಆಡುಗಳ ಮೇವಿಗೆ ದಕ್ಷಿಣ ಅಮೆರಿಕದ ಕ್ವೆಬ್ರಾಚೊ ಮರದ ಟ್ಯಾನಿನ್ ಬೆರೆಸಿ ತಿನ್ನಿಸಿ, ಆ ಹಿಕ್ಕೆಯನ್ನು ತರಕಾರಿ ಹೊಲಕ್ಕೆ ಹಾಕಿ ಅಳೆದರು. ಮರಾಡಿಯ ಆಡು ಮುಳ್ಳುಮರದಿಂದ ತಾನಾಗಿ ಕಿತ್ತುಕೊಳ್ಳುವ ಒಗರನ್ನು ಅಲ್ಲಿ ತೂಗಿ ಕೊಡಬೇಕಾಯಿತು. ತೂಕದಲ್ಲಿ ಎಚ್ಚರ ಬೇಕು. ಟ್ಯಾನಿನ್ ಹೆಚ್ಚಾದರೆ ಮೇವೇ ಜೀರ್ಣವಾಗದೆ ಆಡು ಸೊರಗುತ್ತದೆ. ಬಯಲಿನ ಆಡಿಗೆ ಈ ತಕ್ಕಡಿ ಬೇಡ. ಒಂದು ಗಿಡದ ಒಗರು ಹೊಟ್ಟೆಗೆ ಹೆಚ್ಚಾಯಿತು ಅನ್ನಿಸಿದರೆ ಅದನ್ನು ನೆನಪಿಟ್ಟುಕೊಂಡು, ಮಾರನೆಯ ಸಲ ಎರಡು ಬಾಯಿ ತಿಂದು ಪಕ್ಕದ ಗಿಡಕ್ಕೆ ಹೋಗುತ್ತದೆ.